ಸೈಲೆನ್ಸರ್ ಬೋಲ್ಟ್ ಇಂಜಿನ್ ಹೆಡ್ ಒಳಗೇ ಮುರ್ಕೊಂಡಿದೆ, ಎಕ್ಸ್‌ಟ್ರಾಕ್ಟರ್ ಹಾಕ್ಲಾ ಬೇಡ್ವಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಬೈಕಿನ ಸೈಲೆನ್ಸರ್ ಗ್ಯಾಸ್ಕೆಟ್ ಲೀಕ್ ಆಗಿ ಸ್ಟಾರ್ಟ್ ಮಾಡಿದ್ರೆ ಟಪ್ ಟಪ್ ಅಂತ ಸೌಂಡ್ ಬರ್ತಿತ್ತು, ನಾನೇ ಬದಲಾಯ್ಸೋಣ ಅಂತ ಬಿಚ್ಚೋಕೆ ಕೂತೆ. ಹೆಡ್ಡಿಗೆ (ಇಂಜಿನ್ನಿನ ಮೇಲ್ಭಾಗ) ಸೈಲೆನ್ಸರ್ ಪೈಪ್ ಹಿಡಿಯೋ ಎರಡು ಬೋಲ್ಟಲ್ಲಿ ಒಂದು ಸಲೀಸಾಗಿ ಬಂತು, ಇನ್ನೊಂದು ಮೊದಲು ಅಲ್ಲಾಡ್ಲೇ ಇಲ್ಲ, ಜೋರಾಗಿ ಎಳೆದಾಗ ಸ್ಪ್ಯಾನರ್ ಮೆತ್ತಗೆ ತಿರುಗ್ತು, ಲೂಸ್ ಆಯ್ತು ಅಂತ ಖುಷಿಪಟ್ಟೆ, ನೋಡಿದ್ರೆ ಬೋಲ್ಟಿನ ತಲೆ ಮಾತ್ರ ಕೈಗೆ ಬಂದಿದೆ. ಎಂ6 (ಆರು ಮಿಲಿಮೀಟರ್ ದಪ್ಪದ) ಬೋಲ್ಟು, ಹೆಡ್ಡು ಅಲ್ಯೂಮಿನಿಯಂ. ಪೈಪ್ ಇಳಿಸಿದ್ಮೇಲೆ ಐದಾರು ಮಿಲಿಮೀಟರ್ ತುಂಡು ಹೊರಗಿತ್ತು, ಲಾಕಿಂಗ್ ಪ್ಲೈಯರಲ್ಲಿ ಕಚ್ಚಿ ತಿರುಗಿಸ್ದೆ, ಅದೂ ಮುರೀತು. ಈಗ ಮೇಲ್ಮೈಗೆ ಸಮವಾಗಿದೆ, ಹಿಡಿಯೋಕೆ ಏನೂ ಸಿಗ್ತಿಲ್ಲ. ಡ್ರಿಲ್ ಮಷಿನ್ ಇದೆ, ಎಕ್ಸ್‌ಟ್ರಾಕ್ಟರ್ ಸೆಟ್ಟೂ (ಮುರಿದ ಬೋಲ್ಟಲ್ಲಿ ತೂತು ಕೊರೆದು, ಅದರೊಳಗೆ ಕೂರಿಸಿ ಉಲ್ಟಾ ತಿರುಗಿಸಿ ತೆಗೆಯೋ ಸಾಧನ) ಇದೆ. ಮಧ್ಯಕ್ಕೆ ತೂತು ಕೊರೆದು ಹಾಕ್ಲಾ? ನಿನ್ನೆ ರಾತ್ರಿ ಇದೇ ಯೋಚನೇಲಿ ನಿದ್ದೆ ಬಂದಿಲ್ಲ, ದಯವಿಟ್ಟು ಯಾರಾದ್ರೂ ಹೇಳಿ.

ಉತ್ತರ 1:
ಅಣ್ಣ ಆ ಎಕ್ಸ್‌ಟ್ರಾಕ್ಟರನ್ನ ಸದ್ಯಕ್ಕೆ ಡಬ್ಬೀಲೇ ಇಡಿ. ಯಾಕೆ ಅಂತ ಹೇಳ್ತೀನಿ. ಬೋಲ್ಟು ಮುರಿದಾಗ ಮೊದಲು ನೋಡ್ಬೇಕಾದ್ದು ಅದು ಬಿಗಿ ಮಾಡುವಾಗ ಮುರೀತಾ, ಬಿಚ್ಚುವಾಗ ಮುರೀತಾ ಅನ್ನೋದು. ಬಿಗಿ ಮಾಡುವಾಗ ತಲೆ ಕಿತ್ತುಬಂದಿದ್ರೆ ಸಾಮಾನ್ಯವಾಗಿ ಒಳಗಿನ ತುಂಡು ಸಡಿಲವಾಗೇ ಇರುತ್ತೆ, ಯಾಕಂದ್ರೆ ಅದನ್ನ ಎಳೆದು ಹಿಡಿದಿದ್ದ ಬಿಗಿ ತಲೆ ಜೊತೇಲೇ ಹೋಯ್ತು, ಸೆಂಟರ್ ಪಂಚಿನ (ಗುರುತು ಹೊಡೆಯೋ ಚೂಪು ಉಳಿ) ಮೊನೆಯಲ್ಲಿ ಅಂಚಿಗೆ ಒತ್ತಿ ಎಡಕ್ಕೆ ತಟ್ಟಿದ್ರೂ ಎಷ್ಟೋ ಸಲ ತಿರುಗ್ಕೊಂಡು ಬರುತ್ತೆ. ಅಂಥದ್ದಕ್ಕೆ ಎಕ್ಸ್‌ಟ್ರಾಕ್ಟರ್ ಸರಿ.

ನಿಮ್ದು ಬಿಚ್ಚುವಾಗ ಮುರಿದಿದ್ದು, ಅದೂ ಎರಡು ಸಲ. ಅಂದ್ರೆ ಥ್ರೆಡ್ಡೇ (ಬೋಲ್ಟಿನ ಸುರುಳಿ ಗೆರೆ) ಕಚ್ಚಿಕೊಂಡಿದೆ. ಆರು ಮಿಲಿಮೀಟರಿನ ಇಡೀ ಬೋಲ್ಟಿಗೇ ತಡ್ಕೊಳಕ್ಕಾಗದ ಜೋರನ್ನ ಅದರೊಳಗೆ ಮೂರು ಮಿಲಿಮೀಟರ್ ತೂತಲ್ಲಿ ಕೂರೋ ಎಕ್ಸ್‌ಟ್ರಾಕ್ಟರ್ ತಡ್ಕೊಳುತ್ತಾ ಹೇಳಿ? ಅದು ತುಂಬಾ ಗಟ್ಟಿ ಸ್ಟೀಲು, ಬಾಗೋಲ್ಲ, ಗಾಜಿನ ಥರ ಪಟ್ ಅಂತ ಮುರಿಯುತ್ತೆ. ಒಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ ಅಷ್ಟೇ, ಆಮೇಲೆ ಇನ್ನೂ ಗಟ್ಟಿಯಾದ ಕಾರ್ಬೈಡ್ ಬಿಟ್ಟೋ, ವಿದ್ಯುತ್ ಕಿಡಿಯಲ್ಲಿ ಲೋಹ ಕೊರೆಯೋ ಸ್ಪಾರ್ಕ್ ಇರೋಶನ್ ಮಷಿನ್ನೋ ಬೇಕಾಗುತ್ತೆ. ನಾನು ಒಂದ್ಸಲ ಇದೇ ತಪ್ಪು ಮಾಡಿ ಇಡೀ ಹೆಡ್ ಬಿಚ್ಚಿ ವರ್ಕ್‌ಶಾಪಿಗೆ ಹೊತ್ಕೊಂಡು ಹೋಗಿದ್ದೀನಿ, ನಿಮಗೆ ಆ ಗತಿ ಬರಬಾರದು ಅಂತಲೇ ಇಷ್ಟು ಉದ್ದ ಬರೀತಿರೋದು.

ಇಂಥದ್ದಕ್ಕೆ ನನ್ನ ಪ್ರಕಾರ ಮೊದಲನೇ ದಾರಿ ನಟ್ ವೆಲ್ಡ್ ಮಾಡೋದು. ಮಿಗ್ ವೆಲ್ಡಿಂಗ್ (ತಂತಿ ತಾನಾಗೇ ಬರೋ ಥರದ ವೆಲ್ಡಿಂಗ್) ಗೊತ್ತಿರೋರನ್ನ ಕರೀರಿ. ತುಂಡಿನ ಮೇಲೆ ಮೊದಲು ಒಂದೆರಡು ಚುಕ್ಕೆ ವೆಲ್ಡ್ ಇಟ್ಟು ಸ್ವಲ್ಪ ಎತ್ತರ ಮಾಡ್ಕೊಬೇಕು, ಆಮೇಲೆ ಎಂ8 ನಟ್ ಮೇಲಿಟ್ಟು ತೂತಿನ ಒಳಗಿಂದ ತುಂಬ್ಕೊಂಡು ಬರ್ಬೇಕು. ಸ್ಟೀಲ್ ವೆಲ್ಡು ಅಲ್ಯೂಮಿನಿಯಂಗೆ ಅಂಟೋಲ್ಲ, ಆ ಭಯ ಬೇಡ. ಇದ್ರಲ್ಲಿ ಹಿಡಿತಕ್ಕಿಂತ ದೊಡ್ಡ ಲಾಭ ಶಾಖದ್ದು, ಕಾದು ಹಿಗ್ಗಿ ತಣ್ಣಗಾಗಿ ಕುಗ್ಗುವಾಗ ಕಚ್ಚಿದ್ದ ತುಕ್ಕು ಬಿಡುತ್ತೆ.

ಉತ್ತರ 2:
ವೆಲ್ಡಿಂಗ್ ಎಲ್ರಿಗೂ ಸಿಗೋಲ್ಲ ಗುರು. ಬ್ಲೋ ಟಾರ್ಚಲ್ಲಿ ಬೋಲ್ಟನ್ನ ಬಿಟ್ಟು ಸುತ್ತಲಿನ ಅಲ್ಯೂಮಿನಿಯಂ ಕಾಯ್ಸಿದ್ರೂ ಕೆಲಸ ಆಗ್ಬಹುದು, ಅದು ಸ್ಟೀಲಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತೆ. ಆಮೇಲೆ ಎಡಗೈ ಡ್ರಿಲ್ ಬಿಟ್ (ಉಲ್ಟಾ ತಿರುಗಿದಾಗ ಕೊರೆಯೋ ಬಿಟ್) ಹಾಕಿ ಡ್ರಿಲ್ಲನ್ನ ರಿವರ್ಸಲ್ಲಿ ನಿಧಾನಕ್ಕೆ ಓಡಿಸಿ, ಕೊರೀತಾ ಕೊರೀತಾನೇ ತುಂಡು ಬಿಚ್ಚಿಕೊಂಡು ಬರೋ ಚಾನ್ಸ್ ಇದೆ.

ಉತ್ತರ 1:
ಒಪ್ತೀನಿ, ಎಡಗೈ ಬಿಟ್ ಒಳ್ಳೇ ಸಲಹೆ. ಆದ್ರೆ ಟಾರ್ಚ್ ಹಿಡಿಯುವಾಗ ಹುಷಾರು, ಅಲ್ಯೂಮಿನಿಯಂ ಕೆಂಪಗಾಗಿ ಸೂಚನೆ ಕೊಡೋಲ್ಲ, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮುಂಚೇನೇ ನೇರವಾಗಿ ಕರಗಿ ಇಳಿಯುತ್ತೆ. ಕೊರೆಯೋದೇ ಆದ್ರೆ ತುಂಡಿನ ತಲೆಯನ್ನ ಅರದಲ್ಲಿ ಚಪ್ಪಟೆ ಮಾಡಿ, ನಟ್ಟ ನಡುವೆ ಪಂಚ್ ಹೊಡೆದು, ಎಣ್ಣೆ ಹಾಕ್ಕೊಂಡು ಕಮ್ಮಿ ಸ್ಪೀಡಲ್ಲಿ ಕೊರೀಬೇಕು. ಮುರಿದ ಮುಖ ಓರೆಯಾಗಿರುತ್ತೆ, ಹಾಗೇ ಬಿಟ್ಟರೆ ಬಿಟ್ ಜಾರಿ ಪಕ್ಕದ ಅಲ್ಯೂಮಿನಿಯಂ ತಿನ್ನುತ್ತೆ. ಎಕ್ಸಾಸ್ಟ್ ಪೋರ್ಟಿನ (ಹೆಡ್ಡಿಂದ ಹೊಗೆ ಹೊರಬರೋ ತೂತು) ಬಾಯಿಗೆ ಬಟ್ಟೆ ತುರುಕಿ, ಚೂರು ಒಳಗೆ ಹೋಗಬಾರದು. ವೆಲ್ಡ್ ಮಾಡ್ಸೋದಾದ್ರೆ ಆ ಬಟ್ಟೆ ನೆನಪಿಟ್ಟು ತೆಗೀರಿ.

ಇನ್ನೊಂದು ಮುಖ್ಯ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕನೆಕ್ಷನ್ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಜಿಂಕ್ ಲೇಪದ ನಟ್ ಬೇಡ, ಆ ಹೊಗೆ ಒಳ್ಳೇದಲ್ಲ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿ ವೆಲ್ಡ್ ಮಾಡೋಕೆ ಹೋಗ್ಲೇಬೇಡಿ, ಅದ್ರಲ್ಲಿ ಕ್ಲೋರಿನ್ ಇರೋ ದ್ರಾವಕ ಇದ್ರೆ ಶಾಖಕ್ಕೆ ಫಾಸ್ಜೀನ್ ಅನ್ನೋ ವಿಷಗಾಳಿ ಆಗುತ್ತೆ. ವೈರ್ ಬ್ರಷಲ್ಲಿ ಉಜ್ಜಿದ್ರೆ ಸಾಕು.

ಪ್ರಶ್ನೆ ಕೇಳಿದವರು:
ಬಂತು! ಮೂರನೇ ನಟ್ಟಿಗೆ ಬಂತು. ಪರಿಚಯದ ಒಬ್ರು ಮಿಗ್ ಮಷಿನ್ ತಂದು ಮಾಡಿಕೊಟ್ರು. ಮೊದಲ ಎರಡು ಸಲ ಸ್ಪ್ಯಾನರ್ ಹಾಕಿದ ತಕ್ಷಣ ನಟ್ಟೇ ಕಳಚ್ಕೊಂಡು ಬಂತು, ನನಗಂತೂ ಕೈ ನಡುಗ್ತಿತ್ತು. ಮೂರನೇದಕ್ಕೆ ಜಾಸ್ತಿ ಹೊತ್ತು ತುಂಬಿದ್ರು, ನಟ್ ಕೆಂಪಗಾಗಿತ್ತು, ಅದು ಕಪ್ಪಗಾಗೋವರೆಗೂ ಕಾದು ಸ್ಪ್ಯಾನರ್ ಹಾಕಿ ಬಿಚ್ಚೋ ಕಡೆಗೆ ಎಳೀದೆ ಮೊದಲು ಬಿಗಿ ಮಾಡೋ ಕಡೆಗೆ ಕೂದಲೆಳೆಯಷ್ಟು ಒತ್ತಿದ್ರು, ಆಮೇಲೆ ಈ ಕಡೆ, ಮತ್ತೆ ಆ ಕಡೆ. ಕಿರ್‌ ಅಂತ ಒಂದು ಸದ್ದು ಬಂತು ನೋಡಿ, ಅಲ್ಲಿಂದ ಒಂದೊಂದೇ ಸುತ್ತು. ತುಂಡನ್ನ ಬೆಳಕಿಗೆ ಹಿಡಿದು ನೋಡಿದ್ರೆ ಥ್ರೆಡ್ ಸಂದೀಲೆಲ್ಲ ಸುಣ್ಣದ ಥರ ಬಿಳೀ ಪುಡಿ, ಉಗುರಲ್ಲಿ ಕೆರೆದ್ರೂ ಹೋಗ್ತಿಲ್ಲ. ಅದೇನದು? ಹೆಡ್ಡಿನ ಥ್ರೆಡ್ ಕಣ್ಣಿಗೆ ಚೆನ್ನಾಗೇ ಇದೆ, ಹಾಗೇ ಹೊಸ ಬೋಲ್ಟ್ ಹಾಕ್ಲಾ?

ಉತ್ತರ 1:
ಓದಿ ತುಂಬಾ ಖುಷಿಯಾಯ್ತು ಅಣ್ಣ. ಆ ಬಿಳಿ ಪುಡಿ ಅಲ್ಯೂಮಿನಿಯಂ ತುಕ್ಕು. ಸ್ಟೀಲು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದ್ದು ನಡುವೆ ನೀರಿನ ಪಸೆ ಸೇರಿದ್ರೆ ಅಲ್ಯೂಮಿನಿಯಂ ಸವೆದು ಹೀಗೆ ಉಬ್ಬುತ್ತೆ, ನಿಮ್ಮ ಬೋಲ್ಟನ್ನ ಹಿಡಿದಿದ್ದು ಅದೇ. ಎಂ6 1.0 ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯೋ ಸಾಧನ, 1.0 ಅಂದ್ರೆ ಥ್ರೆಡ್ಡಿಂದ ಥ್ರೆಡ್ಡಿಗೆ ಒಂದು ಮಿಲಿಮೀಟರ್) ಕೈಯಲ್ಲೇ ಬಿಡಿ, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ, ತಡೆದ್ರೆ ಒತ್ತಾಯ ಮಾಡ್ದೆ ಹೊರಗೆ ತೆಗೆದು ಕ್ಲೀನ್ ಮಾಡಿ. ಥ್ರೆಡ್ ಕಿತ್ತಿದೆ ಅನ್ಸಿದ್ರೆ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರೋ ಸ್ಟೀಲ್ ತಂತಿಯ ಸುರುಳಿ) ಹಾಕ್ಬಹುದು, ಅದೇನೂ ಕೆಟ್ಟದ್ದಲ್ಲ, ಸರಿಯಾಗಿ ಕೂರ್ಸಿದ್ರೆ ಅಲ್ಯೂಮಿನಿಯಂನ ಸ್ವಂತ ಥ್ರೆಡ್ಡಿಗಿಂತ ಗಟ್ಟಿ. ಹೊಸ ಬೋಲ್ಟಿಗೆ ತಾಮ್ರದ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚೋ ಪೇಸ್ಟ್) ತೆಳ್ಳಗೆ ಹಚ್ಚಿ. ಹಚ್ಚಿದಾಗ ಥ್ರೆಡ್ ಜಾರೋದ್ರಿಂದ ಅಷ್ಟೇ ಟಾರ್ಕಿಗೆ (ತಿರುಗಿಸೋ ಬಲ) ಬೋಲ್ಟು ಜಾಸ್ತಿ ಬಿಗಿಯಾಗಿ ಎಳೆದುಕೊಳ್ಳುತ್ತೆ, ಹಾಗಾಗಿ ಮ್ಯಾನ್ಯುಯಲ್ಲಲ್ಲಿ ಒಣ ಥ್ರೆಡ್ಡಿಗೆ ಅಂತ 10 ನ್ಯೂಟನ್ ಮೀಟರ್ ಕೊಟ್ಟಿದ್ರೆ ಸ್ವಲ್ಪ ಕಮ್ಮೀಲೇ ನಿಲ್ಸಿ. ಸಲೀಸಾಗಿ ಬಂದ ಆ ಇನ್ನೊಂದು ಬೋಲ್ಟನ್ನೂ ಬದಲಾಯ್ಸಿಬಿಡಿ, ಅಷ್ಟೇ ವಯಸ್ಸಿನದು ಅದೂ.

ಪ್ರಶ್ನೆ ಕೇಳಿದವರು:
ಎರಡೂ ಹೊಸದು ಹಾಕ್ದೆ, ಟ್ಯಾಪ್ ಎಲ್ಲೂ ತಡೀಲಿಲ್ಲ. ಸ್ಟಾರ್ಟ್ ಮಾಡಿ ಪೈಪು ಹೆಡ್ಡಿಗೆ ಸೇರೋ ಫ್ಲೇಂಜ್ ಹತ್ರ ಕೈ ಹಿಡಿದೆ, ಗಾಳಿ ಬರ್ತಿಲ್ಲ, ಟಪ್ ಟಪ್ ಇಲ್ಲ. ಇಬ್ರಿಗೂ ಮನಸಾರೆ ಥ್ಯಾಂಕ್ಸ್.

ಉತ್ತರ 2:
ಸೂಪರ್. ನಾಲ್ಕೈದು ಸಲ ಓಡಿಸಿದ್ಮೇಲೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಎರಡೂ ಬೋಲ್ಟಿನ ಬಿಗಿ ಇನ್ನೊಂದ್ಸಲ ನೋಡಿ, ಹೊಸ ಗ್ಯಾಸ್ಕೆಟ್ ಕೂತ ಹಾಗೆ ಸ್ವಲ್ಪ ಸಡಿಲ ಆಗುತ್ತೆ.