ಟ್ಯೂಬಿನ ಒಳಮೈಯಲ್ಲೇ ಮತ್ತೆ ಮತ್ತೆ ತೂತು: ರಿಮ್ ಟೇಪ್, ಟ್ಯೂಬ್, ಟೈರ್ ಜೋಡಣೆಯ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯರು): ನಮಸ್ಕಾರ ಸರ್. ನನ್ನದು 700ಸಿ ಗಾಲಿಗಳ ರೋಡ್ ಬೈಕ್. ಟೈರಿನ ಮೇಲೆ 25-622 ಎಂದು ಬರೆದಿದೆ, ಬ್ರೇಕು ರಿಮ್ಮನ್ನೇ ಹಿಡಿಯುವ ಬಗೆಯದು. ಒಂದೂವರೆ ತಿಂಗಳಲ್ಲಿ ಹಿಂದಿನ ಗಾಲಿಯ ನಾಲ್ಕು ಟ್ಯೂಬುಗಳು ಹೋಗಿವೆ. ಎರಡು ಸಲ ಚಾಮುಂಡಿ ಬೆಟ್ಟ ಇಳಿದು ಬಂದ ಸ್ವಲ್ಪ ಹೊತ್ತಿಗೆ ಗಾಳಿ ಇಳಿಯಿತು, ಇನ್ನೊಂದು ಸಲ ರಾತ್ರಿ ಮನೆಯೊಳಗೆ ನಿಲ್ಲಿಸಿದ್ದಾಗಲೇ ಇಳಿಯಿತು. ಟೈರಿನಲ್ಲಿ ಮುಳ್ಳಾಗಲಿ ಗಾಜಾಗಲಿ ಒಮ್ಮೆಯೂ ಸಿಕ್ಕಿಲ್ಲ. ತೂತು ಯಾವಾಗಲೂ ಟ್ಯೂಬಿನ ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆಗೆ ಇರುತ್ತದೆ. ಅಂಗಡಿಯವರು ಟ್ಯೂಬಿನ ಗುಣಮಟ್ಟ ಸರಿಯಿಲ್ಲವೆಂದು ಹೇಳಿ ಪ್ರತಿ ಸಲ ಹೊಸದನ್ನು ಹಾಕಿಕೊಡುತ್ತಾರೆ. ನನ್ನ ತೂಕ 72 ಕಿಲೋ, ಗಾಳಿ 100 ಪಿಎಸ್‌ಐ ಹಾಕುತ್ತೇನೆ. ಇನ್ನೂ ಹೆಚ್ಚು ಬೆಲೆಯ ಟ್ಯೂಬ್ ಕೊಳ್ಳಬೇಕೇ?

ಉತ್ತರ (ಮೆಕ್ಯಾನಿಕ್): ನಮಸ್ಕಾರ. ದಯವಿಟ್ಟು ಇನ್ನೊಂದು ಟ್ಯೂಬನ್ನು ಸದ್ಯಕ್ಕೆ ಕೊಳ್ಳಬೇಡಿ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ತೂತು ಒಳಮೈಯಲ್ಲಿದೆ. ಮುಳ್ಳು, ಗಾಜು, ತಂತಿಯ ಚೂರು ಇವೆಲ್ಲ ರಸ್ತೆಯ ಕಡೆಯಿಂದ ಬರುವುದರಿಂದ ತೂತು ಹೊರಮೈಯಲ್ಲಿ ಆಗುತ್ತದೆ. ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಬಿದ್ದರೆ ರಿಮ್ಮಿನ ಎರಡು ಅಂಚುಗಳು ಟ್ಯೂಬನ್ನು ಕಚ್ಚಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. ಒಳಮೈಯಲ್ಲಿ ಒಂದೇ ತೂತು ಮರಳಿ ಮರಳಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ರಿಮ್ ಟೇಪನ್ನು, ಅಂದರೆ ರಿಮ್ಮಿನ ಒಳಗಿನ ರಂಧ್ರಗಳನ್ನು ಮುಚ್ಚುವ ಪಟ್ಟಿಯನ್ನು.

ರೋಡ್ ಬೈಕಿನ ರಿಮ್ಮಿಗೆ ಎರಡು ಪದರಗಳಿರುತ್ತವೆ. ಕಡ್ಡಿಯ ನಿಪ್ಪಲ್, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು, ಕೂರುವುದು ಕೆಳಗಿನ ಪದರದಲ್ಲಿ. ಆ ನಿಪ್ಪಲನ್ನು ಒಳಗೆ ಬಿಡಲೆಂದು ಮೇಲಿನ ಪದರದಲ್ಲಿ ಕೊರೆದ ರಂಧ್ರ ದೊಡ್ಡದಾಗಿದ್ದು ಹಾಗೆಯೇ ಬಾಯಿ ತೆರೆದಿರುತ್ತದೆ. ರಂಧ್ರದ ಅಡ್ಡಳತೆ 8 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 100 ಪಿಎಸ್‌ಐ ಒತ್ತಡದಲ್ಲಿ ಆ ಒಂದು ರಂಧ್ರದ ಮೇಲೆ ಟ್ಯೂಬು ಸುಮಾರು ಮೂರೂವರೆ ಕಿಲೋ ಭಾರದಷ್ಟು ಬಲದಿಂದ ಒತ್ತುತ್ತಿರುತ್ತದೆ, ಅದೂ ಹಗಲು ರಾತ್ರಿ, ಸೈಕಲ್ ನಿಂತಿದ್ದಾಗಲೂ. ಆ ಭಾರವನ್ನು ಹೊರುವುದು ಟೇಪ್ ಮಾತ್ರ. ಟೇಪ್ ಸರಿದಿದ್ದರೆ ಅಥವಾ ಮೆತ್ತಗಾಗಿ ಕುಸಿದಿದ್ದರೆ ಟ್ಯೂಬಿನ ರಬ್ಬರು ರಂಧ್ರದೊಳಕ್ಕೆ ಗುಳ್ಳೆಯಂತೆ ಇಳಿದು, ತೆಳುವಾಗಿ, ರಂಧ್ರದ ಚೂಪು ಅಂಚಿಗೆ ತಾಗಿ ಸೀಳುತ್ತದೆ. ನಿಮ್ಮ ಮನೆಯಲ್ಲಿ ರಾತ್ರಿ ಗಾಳಿ ಹೋದದ್ದು ಹೀಗೆಯೇ ಇರಬೇಕು. ಬೆಟ್ಟ ಇಳಿಯುವಾಗ ಬ್ರೇಕಿನಿಂದ ರಿಮ್ಮು ಕಾದು, ಪ್ಲಾಸ್ಟಿಕ್ ಅಥವಾ ರಬ್ಬರಿನ ಟೇಪ್ ಇನ್ನಷ್ಟು ಮೆದುವಾಗುವುದರಿಂದ ಅಲ್ಲಿ ಎರಡು ಸಲ ಆಗಿದೆ.

ಹೋದ ಟ್ಯೂಬುಗಳಲ್ಲಿ ಒಂದಾದರೂ ಮನೆಯಲ್ಲಿದ್ದರೆ ಅದಕ್ಕೆ ಸ್ವಲ್ಪ ಗಾಳಿ ತುಂಬಿ, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ತೂತಿನ ಸುತ್ತ ಉಂಗುರದ ಗುರುತು ಕಾಣಿಸಬಹುದು; ಒಂದು ಗೇಣಿಗೂ ಕಡಿಮೆ ಅಂತರದಲ್ಲಿ ಅಂತಹವೇ ಇನ್ನಷ್ಟು ಉಂಗುರಗಳು ಸಾಲಾಗಿ ಇದ್ದರೆ ಅವು ರಂಧ್ರಗಳ ಅಚ್ಚು. ಬಳಿಕ ಟೈರನ್ನು ಬಿಚ್ಚಿ, ಟೇಪಿನ ಸ್ಥಿತಿಯನ್ನು ಇಲ್ಲಿ ತಿಳಿಸಿ.

ಅದೇ ಸದಸ್ಯರು: ನೋಡಿದೆ ಸರ್. ನೀವು ಹೇಳಿದ ಉಂಗುರಗಳು ಐದಾರು ಕಡೆ ಇವೆ. ರಿಮ್ಮಿನಲ್ಲಿ ಟೇಪಿನ ಬದಲು ಕಪ್ಪು ರಬ್ಬರಿನ ಪಟ್ಟಿಯಿದೆ. ಅದು ಒಂದು ಬದಿಗೆ ಸರಿದು ಮೂರು ರಂಧ್ರಗಳು ಅರ್ಧ ತೆರೆದುಕೊಂಡಿವೆ. ಈಗ ಯಾವ ಟೇಪ್ ತರಬೇಕು, ಹೇಗೆ ಹಾಕಬೇಕು?

ಉತ್ತರ: ಆ ರಬ್ಬರ್ ಪಟ್ಟಿಯನ್ನು ತೆಗೆದುಬಿಡಿ. ಕಡಿಮೆ ಒತ್ತಡದ ಸಾಮಾನ್ಯ ಸೈಕಲ್ಲಿಗೆ ಅದು ಸಾಕು. ಅಲ್ಲಿ ರಿಮ್ಮಿಗೆ ಒಂದೇ ಪದರವಿದ್ದು, ನಿಪ್ಪಲಿನ ತಲೆಯನ್ನು ಮುಚ್ಚಿದರೆ ಕೆಲಸ ಮುಗಿಯುತ್ತದೆ. ನಮ್ಮೂರುಗಳ ಹಳೆಯ 28 ಇಂಚಿನ ಸೈಕಲ್ಲಿನ ಟೈರು ಕೂರುವ ಅಡ್ಡಳತೆ 635 ಮಿಲಿಮೀಟರ್, ನಿಮ್ಮದು 622. ಅದಕ್ಕೆಂದು ಮಾಡಿದ ಪಟ್ಟಿ ನಿಮ್ಮ ರಿಮ್ಮಿನಲ್ಲಿ ಬಿಗಿಯಾಗಿ ಕೂರುವುದೂ ಇಲ್ಲ.

ನಿಮಗೆ ಬೇಕಾದದ್ದು ಹಿಂಬದಿಯಲ್ಲಿ ಅಂಟಿರುವ ಹತ್ತಿ ಬಟ್ಟೆಯ ಟೇಪ್. ಬಿಸಿಗೆ ಹಿಗ್ಗದೆ, ರಂಧ್ರಕ್ಕೆ ಕುಸಿಯದೆ ನಿಲ್ಲುವುದರಲ್ಲಿ ರಿಮ್ ಬ್ರೇಕಿನ ಗಾಲಿಗೆ ನಾನು ಇದನ್ನೇ ಎಲ್ಲಕ್ಕಿಂತ ಹೆಚ್ಚಾಗಿ ನಂಬುತ್ತೇನೆ. ಅಗಲದ ವಿಷಯದಲ್ಲಿ ಮಾತ್ರ ಅಂದಾಜು ಬೇಡ. ರಿಮ್ಮಿನ ಎರಡು ಗೋಡೆಗಳ ನಡುವಿನ ಒಳ ಅಗಲವನ್ನು ಅಳೆಯಿರಿ. ಅದು 17 ಮಿಲಿಮೀಟರ್ ಇದ್ದರೆ 15 ಅಥವಾ 16 ಮಿಲಿಮೀಟರಿನ ಟೇಪ್ ತನ್ನಿ. ಕಿರಿದಾದ ಟೇಪ್ ಸರಿದು ರಂಧ್ರದ ಅಂಚನ್ನು ತೋರಿಸುತ್ತದೆ. ಅತಿ ಅಗಲವಾದದ್ದು ಟೈರಿನ ಅಂಚು ಕೂರಬೇಕಾದ ಜಾಗಕ್ಕೆ ಹತ್ತಿ, ಟೈರು ಅಂಕುಡೊಂಕಾಗಿ ಕೂರುವಂತೆ ಮಾಡುತ್ತದೆ.

ರಿಮ್ಮಿನ ಒಳಗನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ರಂಧ್ರಗಳ ಅಂಚನ್ನು ಬೆರಳಿನಿಂದ ನಿಧಾನವಾಗಿ ಸವರಿ, ಲೋಹದ ಚೂರು ಎದ್ದಿದ್ದರೆ ನುಣ್ಣನೆಯ ಮರಳುಕಾಗದದಿಂದ ತಿಕ್ಕಿ ತೆಗೆಯಿರಿ. ಟೇಪಿನಲ್ಲಿ ಕತ್ತರಿಸಿಟ್ಟ ರಂಧ್ರವನ್ನು ವಾಲ್ವಿನ ರಂಧ್ರಕ್ಕೆ ಸರಿಯಾಗಿ ಹೊಂದಿಸಿ, ಒಂದು ಸ್ಕ್ರೂಡ್ರೈವರನ್ನು ಎರಡರ ಮೂಲಕ ತೂರಿಸಿಟ್ಟರೆ ಟೇಪ್ ಜರುಗದು. ಅಲ್ಲಿಂದ ಟೇಪನ್ನು ಎಳೆದು ಬಿಗಿ ಹಿಡಿದುಕೊಂಡೇ, ಹೆಬ್ಬೆರಳಿನಿಂದ ನಡುವಿನ ತಗ್ಗಿಗೆ ಒತ್ತುತ್ತಾ, ಕಡ್ಡಿಯಿಂದ ಕಡ್ಡಿಗೆ ಸಾಗುತ್ತಾ ಸುತ್ತು ಮುಗಿಸಿ. ಕೊನೆಯಲ್ಲಿ ಗಾಲಿಯನ್ನು ತಿರುಗಿಸುತ್ತಾ ಪ್ರತಿ ರಂಧ್ರದ ಎರಡು ಬದಿಯಲ್ಲೂ ಟೇಪ್ ಸಮವಾಗಿ ಉಳಿದಿದೆಯೇ ಎಂದು ನೋಡಿ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಅವಸರ ಮಾಡಬೇಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ಸರ್, ನಾನು ಇದೇ ಭಯದಿಂದ ಬಟ್ಟೆಯ ಟೇಪನ್ನು ಎರಡು ಸುತ್ತು ಹಾಕಿದೆ. ಈಗ ಟೈರಿನ ಕೊನೆಯ ಒಂದು ಗೇಣು ರಿಮ್ಮಿನೊಳಗೆ ಬರುವುದೇ ಇಲ್ಲ. ಲಿವರ್ ಹಾಕಿ ಬಲವಾಗಿ ಎತ್ತಿದ್ದಕ್ಕೆ ಹೊಸ ಟ್ಯೂಬು ಹರಿದುಹೋಯಿತು. ಟೈರಿನ ಅಳತೆಯೇ ತಪ್ಪಾಗಿದೆಯೇ?

ಉತ್ತರ: ಮೇಡಂ, ಟೈರಿನ ಮೇಲೂ ರಿಮ್ಮಿನ ಮೇಲೂ 622 ಎಂದಿದ್ದರೆ ಅಳತೆ ಸರಿಯಾಗಿಯೇ ಇದೆ. ಟೈರಿನ ಅಂಚಿನಲ್ಲಿರುವ ಉಕ್ಕಿನ ತಂತಿಯಾಗಲಿ ಮಡಚುವ ಟೈರಿನ ಅರಾಮಿಡ್ ನೂಲಾಗಲಿ ಹಿಗ್ಗುವುದಿಲ್ಲ, ಹಿಗ್ಗಲೂ ಬಾರದು. ಕೊನೆಯ ಗೇಣನ್ನು ರಿಮ್ಮಿನ ಗೋಡೆ ದಾಟಿಸಲು ಬೇಕಾದ ಸಡಿಲು ಸಿಗುವುದು ಒಂದೇ ಕಡೆಯಿಂದ: ಉಳಿದ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಇಳಿಯಬೇಕು. ತಗ್ಗು 3 ಮಿಲಿಮೀಟರ್ ಆಳವಿದ್ದರೆ ಪೂರ್ತಿ ಸುತ್ತಳತೆಯ ಲೆಕ್ಕದಲ್ಲಿ ಸುಮಾರು 19 ಮಿಲಿಮೀಟರ್ ಸಡಿಲು ಸಿಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಇನ್ನೊಂದು ಸುತ್ತು ಟೇಪ್ ಅದರಲ್ಲಿ 3 ಮಿಲಿಮೀಟರನ್ನು ನುಂಗುತ್ತದೆ. ಬಿಗಿಯಾದ ಟೈರಿಗೆ ಆ ಮೂರೇ ಮಿಲಿಮೀಟರ್ ನಿರ್ಣಾಯಕ. ಮೇಲಿನ ಸುತ್ತನ್ನು ತೆಗೆದುಹಾಕಿ, ಒಳ್ಳೆಯ ಟೇಪ್ ಒಂದೇ ಸುತ್ತು ಸಾಕು.

ಜೋಡಿಸುವ ಕ್ರಮವೂ ಮುಖ್ಯ. ಟೈರಿನ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣವಿದೆಯೇ ನೋಡಿಕೊಂಡು ಮೊದಲ ಅಂಚನ್ನು ಪೂರ್ತಿ ಒಳಗೆ ಹಾಕಿ; ಕಂಪನಿಯ ಹೆಸರು ವಾಲ್ವಿನ ನೇರಕ್ಕೆ ಬರಲಿ. ಇದು ಚಂದಕ್ಕಷ್ಟೇ ಅಲ್ಲ, ಮುಂದೆ ಪಂಕ್ಚರ್ ಆದಾಗ ಟ್ಯೂಬಿನ ತೂತನ್ನು ವಾಲ್ವಿನಿಂದ ಅಳೆದು ಟೈರಿನಲ್ಲಿ ಮುಳ್ಳಿರುವ ಜಾಗವನ್ನು ನೇರವಾಗಿ ಹುಡುಕಬಹುದು. ಟ್ಯೂಬಿಗೆ ಬಾಯಿಯಿಂದ ಊದಿದಷ್ಟು ಗಾಳಿ ತುಂಬಿ, ದುಂಡಗಾದ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಸವರಿ, ಸುಕ್ಕು ತಿರುಚು ಇಲ್ಲದಂತೆ ಟೈರಿನೊಳಗೆ ಕೂರಿಸಿ.

ಎರಡನೆಯ ಅಂಚನ್ನು ವಾಲ್ವಿನ ಎದುರು ತುದಿಯಿಂದ ಆರಂಭಿಸಿ, ಎರಡೂ ಕೈಗಳಿಂದ ಎರಡು ಕಡೆಗೂ ಸಾಗುತ್ತಾ ವಾಲ್ವಿನ ಬಳಿಯೇ ಮುಗಿಸಬೇಕು. ಬಹಳ ಮಂದಿ ವಾಲ್ವಿನಲ್ಲಿ ಆರಂಭಿಸಿ ಎದುರು ತುದಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ವಾಲ್ವಿನ ಬುಡದಲ್ಲಿ ಟ್ಯೂಬು ದಪ್ಪಗಿರುವುದರಿಂದ ಅಲ್ಲಿ ಅಂಚು ತಗ್ಗಿಗೆ ಇಳಿಯುವುದಿಲ್ಲ. ಅಲ್ಲಿ ಮೊದಲೇ ಸೇರಿಸಿಬಿಟ್ಟರೆ ಸಿಗಬೇಕಾದ ಸಡಿಲು ಅಲ್ಲೇ ಉಳಿದುಹೋಗುತ್ತದೆ. ಕೊನೆಯ ಗೇಣು ಬಿಗಿಯಾದಾಗ ಟ್ಯೂಬಿನ ಗಾಳಿಯನ್ನು ಪೂರ್ತಿ ಬಿಡಿ, ಎದುರು ತುದಿಯಿಂದ ಟೈರನ್ನು ಎರಡು ಬದಿಯಲ್ಲೂ ಹಿಂಡಿ ತಗ್ಗಿಗೆ ಇಳಿಸುತ್ತಾ ಸಡಿಲನ್ನು ವಾಲ್ವಿನ ಕಡೆಗೆ ಎಳೆದು ತನ್ನಿ. ಆಮೇಲೆ ಅಂಗೈಯ ಬುಡದಿಂದ ಒತ್ತಿ ಉರುಳಿಸಿದರೆ ಲಿವರಿಲ್ಲದೆಯೇ ಒಳಗೆ ಬೀಳುತ್ತದೆ. ಸೋಪಿನ ನೀರು ಸವರಬಹುದು. ಗ್ರೀಸನ್ನೋ ಇಂಜಿನ್ ಆಯಿಲ್ಲನ್ನೋ ಹಚ್ಚಲೇಬೇಡಿ, ಅವು ಟ್ಯೂಬಿನ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ.

ಗಾಳಿ ಹಾಕುವ ಮೊದಲು ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಬಳಿಕ ಟೈರನ್ನು ಬೆರಳುಗಳಿಂದ ಬದಿಗೆ ತಳ್ಳುತ್ತಾ ಎರಡು ಬದಿಯಲ್ಲೂ ಸುತ್ತ ನೋಡಿ. ಅಂಚಿನ ಕೆಳಗೆ ಟ್ಯೂಬಿನ ಕಪ್ಪು ರಬ್ಬರು ಒಂದಿಷ್ಟು ಕಂಡರೂ ಗಾಳಿ ಹಾಕಬೇಡಿ. ಅಲ್ಲಿ ಟೈರು ಮೇಲಕ್ಕೆದ್ದು, ಟ್ಯೂಬು ಹೊರಬಂದು, ಪಟಾಕಿಯ ಸದ್ದಿನೊಂದಿಗೆ ಸಿಡಿಯುತ್ತದೆ. ಕೆಲವೊಮ್ಮೆ ಅದು ಪಂಪಿನ ಬಳಿಯಲ್ಲ, ರಸ್ತೆಯಲ್ಲಿ ಸಿಡಿಯುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹೀಗೆ ಒಂದು ಟೈರು ನನ್ನ ಮುಖದ ಹತ್ತಿರವೇ ಸಿಡಿದು ಸಂಜೆಯವರೆಗೂ ಕಿವಿ ಗುಂಯ್‌ಗುಡುತ್ತಿತ್ತು. ಅಂದಿನಿಂದ ಈ ಪರೀಕ್ಷೆಯನ್ನು ಒಮ್ಮೆಯೂ ಬಿಟ್ಟಿಲ್ಲ.

ಮೊದಲಿಗೆ 25 ಪಿಎಸ್‌ಐನಷ್ಟು ಹಾಕಿ ಗಾಲಿಯನ್ನು ತಿರುಗಿಸಿ. ಟೈರಿನ ಬದಿಯಲ್ಲಿ ರಿಮ್ಮಿಗೆ ಸಮೀಪ ಅಚ್ಚಿನಲ್ಲೇ ಮೂಡಿದ ಒಂದು ಸಣ್ಣ ಗೆರೆಯಿದೆ. ಅದು ಸುತ್ತಲೂ ಒಂದೇ ಎತ್ತರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ ಎಂದರ್ಥ, ಪೂರ್ತಿ ಗಾಳಿ ಹಾಕಬಹುದು.

ಪ್ರಶ್ನೆ (ಮೊದಲ ಸದಸ್ಯರು): ಟೇಪ್ ತಂದು ಹಾಕಿದೆ ಸರ್, ಟೈರೂ ಕೂತಿತು. ಇನ್ನೆರಡು ಸಂದೇಹಗಳಿವೆ. 100 ಪಿಎಸ್‌ಐ ಸರಿಯೇ? ವಾಲ್ವಿನ ನಟ್ಟನ್ನು ಸ್ಪ್ಯಾನರಿನಿಂದ ಬಿಗಿ ಮಾಡಬೇಕೇ?

ಉತ್ತರ: ಸಂತೋಷ. ನಿಮ್ಮ ತೂಕಕ್ಕೆ 25 ಮಿಲಿಮೀಟರಿನ ಟೈರಿನಲ್ಲಿ 100 ಹೆಚ್ಚಾಯಿತು. ಹಿಂದಿನ ಗಾಲಿಗೆ 80ರಿಂದ 85, ಮುಂದಿನದಕ್ಕೆ 75ರಿಂದ 80ರಲ್ಲಿ ಆರಂಭಿಸಿ ನೋಡಿ. ಒರಟು ರಸ್ತೆಯಲ್ಲಿ ಕೈಗಳಿಗೂ ಹಿತ, ಟೇಪಿನ ಮೇಲಿನ ಭಾರವೂ ಐದರಲ್ಲೊಂದು ಭಾಗದಷ್ಟು ಇಳಿಯುತ್ತದೆ. ಟೈರಿನ ಬದಿಯಲ್ಲೂ ರಿಮ್ಮಿನ ಮೇಲೂ ಬರೆದ ಗರಿಷ್ಠ ಮಿತಿಗಳಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು.

ವಾಲ್ವಿನ ನಟ್ಟು ಬೆರಳಿನ ಬಿಗಿಯಲ್ಲಷ್ಟೇ ಇರಲಿ. ಸ್ಪ್ಯಾನರಿನಿಂದ ಎಳೆದರೆ ವಾಲ್ವಿನ ಬುಡದ ರಬ್ಬರು ರಿಮ್ಮಿನ ರಂಧ್ರಕ್ಕೆ ಎಳೆಯಲ್ಪಟ್ಟು ಅಲ್ಲೇ ಹರಿಯುತ್ತದೆ. ಜೊತೆಗೆ ನಿಮ್ಮ ರಿಮ್ಮಿನ ವಾಲ್ವ್ ರಂಧ್ರವನ್ನೂ ಅಳೆದು ನೋಡಿ. ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಸುಮಾರು 6.5 ಮಿಲಿಮೀಟರಿನ ರಂಧ್ರ ಬೇಕು. ಮೋಟಾರ್ ಬೈಕಿನಲ್ಲಿರುವಂತಹ ಶ್ರೇಡರ್ ವಾಲ್ವಿಗೆಂದು ಸುಮಾರು 8.5 ಮಿಲಿಮೀಟರ್ ಕೊರೆದಿದ್ದರೆ, ನಡುವೆ ರಂಧ್ರವನ್ನು ಕಿರಿದಾಗಿಸುವ ಸಣ್ಣ ಬುಷ್ ಹಾಕದೆ ಪ್ರೆಸ್ಟಾ ಟ್ಯೂಬನ್ನು ಬಳಸಬೇಡಿ, ಏಕೆಂದರೆ ಆ ರಂಧ್ರವನ್ನು ಟೇಪ್ ಮುಚ್ಚುವುದಿಲ್ಲ.