ಸಹಾಯ ಬೇಕು: ದುಡಿಯುವವರನ್ನು ಗೌರವಿಸುವುದನ್ನು ಮಗಳಿಗೆ ಹೇಗೆ ಕಲಿಸಲಿ?

ನಾವು ಕಾರವಾರದವರು. ಮಗಳು ಆರನೇ ಕ್ಲಾಸು. ಮೊನ್ನೆ ಅಂಕೋಲಾದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಮೀನು ಮಾರುವ ಅಕ್ಕ ಒಬ್ಬರು ಪಕ್ಕದಲ್ಲಿ ಕೂತರು. ಮಗಳು ಮೂಗು ಮುಚ್ಚಿಕೊಂಡು ಎದ್ದು ಹೋದಳು. ಆ ಅಕ್ಕ ಏನೂ ಅನ್ನಲಿಲ್ಲ. ಖಾಲಿ ಬುಟ್ಟಿಯನ್ನು ಕಾಲಿನ ಹತ್ತಿರ ಇನ್ನಷ್ಟು ಒಳಗೆ ಎಳೆದುಕೊಂಡರು. ಅದು ನನ್ನ ಕಣ್ಣಿಂದ ಹೋಗುತ್ತಲೇ ಇಲ್ಲ.

ಮನೆಗೆ ಬಂದು ಬೈದೆ. ಅವಳು ಅತ್ತಳು. "ನನಗೆ ಬಸ್ಸಿನಲ್ಲಿ ವಾಂತಿ ಬರುತ್ತದೆ, ನಿನಗೆ ಗೊತ್ತಲ್ವಾ ಅಮ್ಮಾ" ಅಂದಳು. ಹೌದು, ಗೊತ್ತಿತ್ತು. ನಾನೂ ಅವಳ ಜಾಗದಲ್ಲಿ ನಿಂತು ನೋಡಿರಲಿಲ್ಲ.

ಆಮೇಲೆ ಸಮಾಧಾನವಾಗಿ ಮಾತಾಡಿದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಆ ಅಕ್ಕನಂಥವರ ಮನೆ ಹೇಗೆ ನಡೆಯುತ್ತದೆ ಅಂತ ಕೇಳಿದೆ. ಅವಳು ಸುಮ್ಮನಾದಳು. ಆದರೆ ಬರೀ "ಪಾಪ" ಅನ್ನುವುದು ನನಗೆ ಬೇಡ. ಬೆಳಗಿನ ಜಾವ ಎದ್ದು, ಒಳ್ಳೆ ಮೀನು ಆರಿಸಿ, ದರ ಕುದುರಿಸಿ ಮಾರುವುದು ಜಾಣತನದ ಕೆಲಸ. ಅದೂ ಅವಳಿಗೆ ಕಾಣಬೇಕಲ್ವಾ?

ಬೈತಖೋಲ ಬಂದರಿಗೆ ಕರೆದುಕೊಂಡು ಹೋಗೋಣ ಅನಿಸುತ್ತದೆ. ಆದರೆ ದುಡಿಯುವವರನ್ನು ಸುಮ್ನೆ ನಿಂತು ನೋಡಿ ಬರುವುದು ಸರಿಯಲ್ಲ. ಮೀನುಗಾರರ ಮನೆಯವರು, ಟೀಚರುಗಳು ಇಲ್ಲಿದ್ದರೆ ದಯವಿಟ್ಟು ಹೇಳಿ. ಅವರ ಹತ್ತಿರ ಹೇಗೆ ಮಾತು ಶುರು ಮಾಡಬೇಕು? ಯಾವ ಹೊತ್ತಿಗೆ ಹೋದರೆ ತೊಂದರೆಯಾಗುವುದಿಲ್ಲ?