ಬೇಸ್ ಗಿಟಾರ್‌ಗೆ ಪಾರ್ಟ್ಸ್ ಬಿಡಿಬಿಡಿಯಾಗಿ ಸೇರಿಸ್ತಿದೀನಿ, ಮುಂದೆ ಏನು ತಗೊಳ್ಲಿ?

ಲೋಎಂಡ್:
ಡಬ್ಬದಲ್ಲಿ ಬರೋ ರೆಡಿಮೇಡ್ ಕಿಟ್ ಬೇಡ ಅಂತ ನಂದೇ ಒಂದು ಕಿಟ್ ಜೋಡಿಸ್ತಾ ಇದೀನಿ. ನಾಲ್ಕು ತಂತಿ, ಜಾಝ್ ಬೇಸ್ ಶೇಪ್ ಬಾಡಿ, ಪಿಕಪ್ (ತಂತಿ ಸದ್ದು ಹಿಡಿಯೋ ಕಾಯಿಲ್) ಮಾತ್ರ ಒಂದು ಪಿ (ಪ್ರಿಸಿಷನ್ ಬೇಸ್ ಥರದ್ದು) ಒಂದು ಜೆ (ಜಾಝ್ ಬೇಸ್ ಥರದ್ದು). ಸದ್ಯಕ್ಕೆ ಕೈಲಿರೋದು ಸೆಕೆಂಡ್ ಹ್ಯಾಂಡ್ ಮೇಪಲ್ ನೆಕ್ ಒಂದೇ, 34 ಇಂಚ್ ಸ್ಕೇಲ್ (ತಂತಿ ಮಿಡಿಯೋ ಉದ್ದ) ಅಂತ ಹೇಳಿ ಕೊಟ್ರು, 20 ಫ್ರೆಟ್, ಟ್ಯೂನರ್ (ತಂತಿ ಬಿಗಿಯೋ ತಿರುಪು) ಇಲ್ಲ. ಒಂದು ಬಾಡಿ ನೋಡಿಟ್ಟಿದೀನಿ, ನೆಕ್ ಪಾಕೆಟ್ ಕೊರೆದಿದೆ, ಬ್ರಿಡ್ಜ್‌ಗೆ ತೂತು ಹಾಕಿಲ್ಲ, ಪೇಂಟೂ ಆಗಿಲ್ಲ. ಅದಕ್ಕೆ ಈ ನೆಕ್ ಕೂರುತ್ತಾ? ಟ್ಯೂನರ್, ಬ್ರಿಡ್ಜ್ ಈಗ್ಲೇ ಆರ್ಡರ್ ಮಾಡ್ಬಿಡ್ಲಾ? ಪಾಟ್ (ವಾಲ್ಯೂಮ್, ಟೋನ್ ತಿರುಗ್ಸೋ ರೆಸಿಸ್ಟರ್) 250ಕೆ ನಾ 500ಕೆ ನಾ?

ಮರದಪುಡಿ:
ಇನ್ನೇನೂ ಆರ್ಡರ್ ಮಾಡ್ಬೇಡಿ ಗುರುಗಳೇ, ಮೊದ್ಲು ಒಂದು ಕ್ಯಾಲಿಪರ್ ಹಿಡ್ಕೊಳ್ಳಿ. ನೆಕ್ಕು ಬಾಡಿ ಜೋಡಿ ಆದ್ಮೇಲೇ ಮಿಕ್ಕಿದ್ದೆಲ್ಲ. ಹೀಲ್ (ಬಾಡಿ ಪಾಕೆಟ್ ಒಳಗೆ ಕೂರೋ ನೆಕ್ ತುದಿ) ಅಗಲ ಅಳೀರಿ, ಫೆಂಡರ್ ಅಳತೆದಾದ್ರೆ 63.5 ಮಿಮೀ ಹತ್ರ ಬರುತ್ತೆ, ಬಾಡಿ ಮಾರೋರ ಹತ್ರ ಪಾಕೆಟ್ ಅಗಲ ಉದ್ದ ಆಳ ಮೂರೂ ಕೇಳಿ, ಬರೀ 'ಸ್ಟಾಂಡರ್ಡ್ ಸರ್' ಅಂದ್ರೆ ಬಿಟ್ಬಿಡಿ. ಸ್ಕೇಲ್ ವಿಷ್ಯದಲ್ಲೂ ಬಾಯಿಮಾತು ನಂಬ್ಬೇಡಿ, ನಟ್ಟಿಂದ (ಹೆಡ್‌ಸ್ಟಾಕ್ ಹತ್ರ ತಂತಿ ಕೂರೋ ಪಟ್ಟಿ) 12ನೇ ಫ್ರೆಟ್ಟಿಗೆ ಅಳೆದು ಡಬಲ್ ಮಾಡಿ, ಅಳತೆ 431.8 ಮಿಮೀ ಬಂದು ಡಬಲ್ 863.6 ಆದ್ರೆ 34 ಇಂಚೇ.

ಬ್ರಿಡ್ಜ್ ತೂತು ಇಲ್ದಿರೋದು ನಿಮ್ಮ ಅದೃಷ್ಟ. ನೆಕ್ ಬೋಲ್ಟ್ ಮಾಡಿ, ಹೆಡ್‌ಸ್ಟಾಕಿಂದ ದಾರ ಎಳೆದು ಇ ಮತ್ತು ಜಿ ತಂತಿ ಜಾಗದಲ್ಲಿ ಟೇಪ್ ಹಚ್ಚಿ ನಿಲ್ಸಿ. ಕೊನೇ ಫ್ರೆಟ್ ಹತ್ರ ಎರಡೂ ಅಂಚಿಂದ ಒಂದೇ ಗ್ಯಾಪ್ ಇರೋ ತನಕ ಬ್ರಿಡ್ಜನ್ನ ಆಕಡೆ ಈಕಡೆ ಸರಿಸ್ತಾ ಇರಿ. ಆಮೇಲೆ ಜಿ ಸ್ಯಾಡಲ್‌ನ (ಬ್ರಿಡ್ಜ್ ಮೇಲೆ ತಂತಿ ಕೂರೋ ತುಂಡು) ಹೆಚ್ಚುಕಮ್ಮಿ ಪೂರ್ತಿ ಮುಂದಕ್ಕೆ ತಂದು ನಟ್ಟಿಂದ 863.6 ಮಿಮೀಗೆ ಇಟ್ಟು ಮಾರ್ಕ್ ಮಾಡಿ. ತಂತಿ ದಪ್ಪ ಆದಷ್ಟೂ ಸ್ಯಾಡಲ್ ಹಿಂದಕ್ಕೇ ಹೋಗ್ಬೇಕು, ಹಿಂದೆ ಜಾಗ ಇಲ್ದೆ ಹೋದ್ರೆ ಇ ತಂತಿ ಇಂಟೋನೇಷನ್ (ಪ್ರತಿ ಫ್ರೆಟ್ಟಲ್ಲೂ ಸ್ವರ ಸರಿ ಬರೋದು) ಯಾವತ್ತೂ ಸೆಟ್ ಆಗಲ್ಲ. ಪೇಂಟು ಇದೆಲ್ಲ ಆದ್ಮೇಲೆ, ಪಾಕೆಟ್ ಒಳಗೆ ಟೇಪ್ ಹಾಕ್ಕೊಂಡು ಹೊಡೀರಿ, ಅಲ್ಲಿ ಪೇಂಟ್ ದಪ್ಪ ಆದ್ರೆ ನೆಕ್ ಒಳಗೆ ಹೋಗಲ್ಲ.

ಸೋಲ್ಡರ್‌ಹೊಗೆ:
ಎಲ್ಲಾರೂ ನೆಕ್ ಹಿಡ್ಕೊಂಡು ಕೂತಿದೀರ, ಜಾಝ್ ಬಾಡಿ ಅಂದ್ರೆ ಸಾಮಾನ್ಯವಾಗಿ ಎರಡು ಜೆ ಪಿಕಪ್ಪಿಗೇ ಕೊರೆದಿರುತ್ತೆ, ಪಿ ಎಲ್ಲಿ ಕೂರ್ಸ್ತೀರಾ? ಫೋಟೋ ನೋಡಿ ಕನ್ಫರ್ಮ್ ಮಾಡ್ಕೊಳ್ಳಿ, ಇಲ್ಲಾಂದ್ರೆ ರೌಟರ್ (ಮರದಲ್ಲಿ ಗುಳಿ ಕೊರೆಯೋ ಮಷೀನ್) ಹಿಡೀಬೇಕಾಗುತ್ತೆ. ಜೆ ಪಿಕಪ್ ಕೂಡ ನೆಕ್ ಕಡೇದು ಸುಮಾರು 92 ಮಿಮೀ, ಬ್ರಿಡ್ಜ್ ಕಡೇದು ಸುಮಾರು 95, ಅಳೆದೇ ತಗೊಳ್ಳಿ.

ಪ್ಯಾಸಿವ್‌ಗೆ (ಬ್ಯಾಟರಿ ಇಲ್ಲದ ಸರ್ಕ್ಯೂಟ್) 250ಕೆ ಪಾಟ್, 0.047 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಮುಗೀತು. 500ಕೆ ಹಾಕಿದ್ರೆ ಹೈ ಸ್ವಲ್ಪ ಜಾಸ್ತಿ ಬರುತ್ತೆ, ಅದು ನಿಮ್ಮ ಟೇಸ್ಟು. ಹಮ್ (ಗುಂಯ್ ಅನ್ನೋ ಸದ್ದು) ಬಗ್ಗೆ ಮಾತ್ರ ಯೋಚ್ನೆ ಮಾಡಿ. ಎರಡು ಜೆ ಇರೋ ಬೇಸಲ್ಲಿ ಒಂದು ರಿವರ್ಸ್ ವೈಂಡ್ (ಉಲ್ಟಾ ಸುತ್ತಿದ್ದು) ಆಗಿದ್ರೆ ಎರಡೂ ವಾಲ್ಯೂಮ್ ಫುಲ್ ಇಟ್ಟಾಗ ಹಮ್ ಕ್ಯಾನ್ಸಲ್ ಆಗುತ್ತೆ. ಪಿ ಸ್ಪ್ಲಿಟ್ ಕಾಯಿಲ್, ತನ್ನ ಹಮ್ಮನ್ನ ತಾನೇ ಕ್ಯಾನ್ಸಲ್ ಮಾಡ್ಕೊಂಡಿರುತ್ತೆ, ಹಾಗಾಗಿ ಪಕ್ಕದಲ್ಲಿರೋ ಸಿಂಗಲ್ ಕಾಯಿಲ್ ಜೆ ಹಮ್ಮಿಗೆ ಅದ್ರಿಂದ ಏನೂ ಹೆಲ್ಪ್ ಇಲ್ಲ. ಪಿಜೆನೇ ಬೇಕು ಅಂದ್ರೆ ಜೆ ಸೈಜಲ್ಲೇ ಬರೋ ಹಮ್ ಕ್ಯಾನ್ಸಲಿಂಗ್ ಪಿಕಪ್ ತಗೊಳ್ಳಿ. ಬ್ರಿಡ್ಜ್ ಸ್ಕ್ರೂ ಬಿಗಿಯೋ ಮುಂಚೆ ಅದ್ರಡಿ ಗ್ರೌಂಡ್ ವೈರ್ ಎಳೆಯೋದು ಮರೀಬೇಡಿ.

ಲೋಎಂಡ್:
ಅಳೆದೆ. ಹೀಲ್ 63.4, ಸ್ಕೇಲ್ ಕರೆಕ್ಟಾಗಿದೆ. ಬಾಡಿ ಫೋಟೋದಲ್ಲಿ ಎರಡೂ ಜೆ ರೌಟೇ ಇರೋದು 🙁 ರೌಟರ್ ನನ್ ಕೈಲಿ ಆಗೋ ಕೆಲ್ಸ ಅಲ್ಲ, ಪಿಜೆ ರೌಟ್ ಇರೋ ಬಾಡಿನೇ ಹುಡುಕ್ತೀನಿ. ಟ್ಯೂನರ್ ತೂತು 14 ಮಿಮೀ ಇದೆ, ವಿಂಟೇಜ್ ಥರ ದೊಡ್ಡ ಎಲೆ ಇರೋ ಟ್ಯೂನರ್ ಆಸೆ ಇತ್ತು, ಹೋಗುತ್ತಾ?

ಮರದಪುಡಿ:
ವಿಂಟೇಜ್ ಟೈಪಿಗೆ ಸಾಮಾನ್ಯವಾಗಿ 17ರ ಮೇಲೇ ತೂತು ಬೇಕು. ಮುಗಿದ ನೆಕ್‌ನ ದೊಡ್ಡದು ಮಾಡೋಕೆ ಹೋದ್ರೆ ಮುಂದೆಗಡೆ ಫಿನಿಶ್ ಸಿಡಿಯುತ್ತೆ, 14 ಮಿಮೀಗೆ ಕೂರೋದನ್ನೇ ತಗೊಳ್ಳಿ. ಹಗುರ ಮಾಡೆಲ್ ಸಿಕ್ರೆ ಇನ್ನೂ ಒಳ್ಳೇದು, ಹೆಡ್‌ಸ್ಟಾಕ್ ಕೆಳಗೆ ಜೋಲಲ್ಲ. ಮೇಪಲ್ ಗಟ್ಟಿ ಮರ, ಆ ಸಣ್ಣ ಸ್ಕ್ರೂಗೆ ಪೈಲಟ್ ತೂತು ಹಾಕಿ ಎಳೆಗೆ ಸೋಪ್ ಸವರಿ ತಿರುಗ್ಸಿ, ಇಲ್ಲಾಂದ್ರೆ ತಲೆ ಕಿತ್ತು ಕೈಗೆ ಬರುತ್ತೆ.